ಕೊರಳು ಉಳಿಸಿದ ಓದು

1598ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ನಾಟಕಕಾರ ಬೆನ್ ಜಾನ್ಸನ್ ದ್ವಂದ್ವಯುದ್ಧದಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕೊಂದ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಅದಕ್ಕೆ ಗಲ್ಲು ಶಿಕ್ಷೆಯಿತ್ತು. ಆದರೂ ಜಾನ್ಸನ್ ಬದುಕಿದ. ಮಲತಂದೆಯ ಜೊತೆ ಇಟ್ಟಿಗೆ ಕಟ್ಟಿದ್ದ ಆತ ವೆಸ್ಟ್‌ಮಿನ್ಸ್ಟರ್ ಶಾಲೆಯಲ್ಲಿ ಲ್ಯಾಟಿನ್ನನ್ನೂ ಕಲಿತಿದ್ದ. ಆ ಓದೇ ಅವನ ಜೀವ ಉಳಿಸಿತು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಪಾದ್ರಿಗಳನ್ನು ದಂಡಿಸುವ ಅಧಿಕಾರ ತನ್ನದೆಂದು ಚರ್ಚು ವಾದಿಸಿ ಗೆದ್ದಿತ್ತು. ಹಾಗಾದರೆ ಪಾದ್ರಿ ಯಾರೆಂದು ಗುರುತಿಸುವುದು ಹೇಗೆ? ಓದಬಲ್ಲವನು ಪಾದ್ರಿ ಎಂದು ನ್ಯಾಯಾಲಯಗಳು ಕ್ರಮೇಣ ಒಪ್ಪಿದವು. ಹೀಗೆ ಪಾದ್ರಿಗಳ ರಿಯಾಯಿತಿ ಅಕ್ಷರ ಬಲ್ಲ ಗಂಡಸರಿಗೆಲ್ಲ ಸಿಕ್ಕಿತು. ಅಪರಾಧಿಯಿಂದ ಸಾಮಾನ್ಯವಾಗಿ ಬೈಬಲ್ಲಿನ 51ನೆಯ ಕೀರ್ತನೆಯ ಮೊದಲ ವಚನವನ್ನು ಓದಿಸುತ್ತಿದ್ದರು. ಅದು ದೇವರಲ್ಲಿ ಕರುಣೆ ಬೇಡುವ ವಚನ. ಜನರ ಬಾಯಲ್ಲಿ ಅದು 'ಕೊರಳಿನ ವಚನ'. ಓದು ಬಾರದ ಕೆಲವರು ಅದನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಿದ್ದರು.

ನಿಜವಾದ ಪಾದ್ರಿಯಲ್ಲದವನಿಗೆ ಈ ರಿಯಾಯಿತಿ ಒಂದೇ ಸಲ. ಮತ್ತೆ ಬಂದರೆ ಗುರುತು ಸಿಗಲೆಂದು ಏಳನೆಯ ಹೆನ್ರಿಯ ಕಾಲದ ಕಾನೂನು ಎಡ ಹೆಬ್ಬೆಟ್ಟಿಗೆ ಬರೆ ಹಾಕಿಸಿತು. ಜಾನ್ಸನ್‌ನ ಹೆಬ್ಬೆಟ್ಟಿನ ಮೇಲೂ ಆ ಬರೆ ಬಿತ್ತು.

ಸಂಶೋಧನೆಗೆಂದು ಈ ಕಾನೂನುಗಳನ್ನು ಓದುವಾಗ ನಾನು ಆ ಹೆಬ್ಬೆಟ್ಟನ್ನು ದಾಟಿ ಮುಂದೆ ಹೋಗಲಾರೆ. ನಮ್ಮಲ್ಲಿ ಓದು ಬಾರದವರನ್ನೇ 'ಹೆಬ್ಬೆಟ್ಟು' ಎನ್ನುತ್ತಾರೆ. ನನ್ನ ಅಜ್ಜಿಯೂ ಹೆಬ್ಬೆಟ್ಟು. ಸಾಲದ ಪತ್ರಕ್ಕೆ ಗುರುತು ಒತ್ತಿದ ಮೇಲೆ ಶಾಯಿಯನ್ನು ತಲೆಗೂದಲಿಗೆ ಉಜ್ಜಿಕೊಳ್ಳುತ್ತಿದ್ದಳು. ಲಂಡನ್ನಿನಲ್ಲಿ ಹೆಬ್ಬೆಟ್ಟಿನ ಗುರುತು ಓದು ಬಲ್ಲವನದು, ನಮ್ಮೂರಲ್ಲಿ ಓದು ಬಾರದವಳದು. ನನ್ನ ಓದಿನ ಹೆಮ್ಮೆ ಇಲ್ಲಿ ಸ್ವಲ್ಪ ತಗ್ಗುತ್ತದೆ. ಅಜ್ಜಿ ಆ ಕಟಕಟೆಯಲ್ಲಿ ನಿಂತಿದ್ದರೆ?

ಅವಳಿಗೆ ಓದು ಬಂದಿದ್ದರೂ ಉಪಯೋಗವಿರುತ್ತಿರಲಿಲ್ಲ. 1623ರವರೆಗೆ ಸಾಮಾನ್ಯ ಹೆಂಗಸರಿಗೆ ಈ ರಿಯಾಯಿತಿಯೇ ಇರಲಿಲ್ಲ. ಆ ವರ್ಷ ಸಣ್ಣಪುಟ್ಟ ಕಳವುಗಳಿಗಷ್ಟೇ ಸಿಕ್ಕಿತು. ಗಂಡಸರ ಸಮಕ್ಕೆ ಬರಲು ಆ ಶತಮಾನದ ಕೊನೆಯ ದಶಕದವರೆಗೆ ಕಾಯಬೇಕಾಯಿತು. ಹನ್ನೆರಡು ಪೆನ್ಸ್‌ಗಿಂತ ಹೆಚ್ಚು ಬೆಲೆಯ ವಸ್ತು ಕದ್ದರೂ ಗಲ್ಲಾಗಬಹುದಾಗಿದ್ದ ಕಾಲವದು.

1706ರಲ್ಲಿ ಓದಿನ ಪರೀಕ್ಷೆ ರದ್ದಾಯಿತು. ಅಷ್ಟರಲ್ಲಿ ಸಂಸತ್ತು ಒಂದೊಂದೇ ಅಪರಾಧವನ್ನು ರಿಯಾಯಿತಿಯಿಂದ ಹೊರಗಿಡತೊಡಗಿತ್ತು. ಅಂಗಡಿಯಿಂದ ಐದು ಶಿಲ್ಲಿಂಗ್ ಬೆಲೆಯ ಸರಕನ್ನು ಗುಟ್ಟಾಗಿ ಕದ್ದವರು 1699ರಲ್ಲೇ ಅದನ್ನು ಕಳೆದುಕೊಂಡಿದ್ದರು. ಬಾಗಿಲು ಎಲ್ಲರಿಗೂ ತೆರೆದಾಗ ಒಳಗಿನ ಕೋಣೆಯೇ ಕಿರಿದಾಗಿತ್ತು. 1827ರಲ್ಲಿ ರಿಯಾಯಿತಿಯೇ ಹೋಯಿತು.

ಓದಿನ ಪರೀಕ್ಷೆಯಾದ ಮೇಲೆ ನ್ಯಾಯಾಲಯದ ಗುಮಾಸ್ತರು ಲ್ಯಾಟಿನ್ನಿನಲ್ಲಿ 'ಲೆಗಿಟ್' ಎಂದು ಬರೆಯುತ್ತಿದ್ದರು, ಅಂದರೆ ಓದುತ್ತಾನೆ. ಓದದಿದ್ದರೆ 'ನಾನ್ ಲೆಗಿಟ್'. ಇಬ್ಬರದೂ ಒಂದೇ ಅಪರಾಧವಿರಬಹುದು. ಮೊದಲನೆಯವನು ಸುಟ್ಟ ಹೆಬ್ಬೆಟ್ಟು ಹೊತ್ತು ಮನೆಗೆ ಹೋಗುತ್ತಾನೆ. ಎರಡನೆಯವನ ಹೆಸರಿನ ಮುಂದೆ ನಾನು ಗಲ್ಲನ್ನು ಹುಡುಕಬೇಕು.