ಅಟ್ಟದ ಮೇಲಿನ ಮದ್ದಿನ ಡಬ್ಬಿ

ಅಪ್ಪ ತೀರಿಕೊಂಡ ವಾರದಲ್ಲೇ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡಿದ್ವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಇರೋದು ಮನುಷ್ಯನ ಹೆಸರಲ್ಲಿ, ಮನೆಯ ಹೆಸರಲ್ಲಲ್ಲ. ಆದರೆ ಮದ್ದಿನ ಡಬ್ಬಿ ಯಾರಿಗೂ ನೆನಪಾಗಿರಲಿಲ್ಲ.

ಈ ಸಲ ಯುಗಾದಿಗೆ ಸುಣ್ಣ ಹೊಡೆಸಬೇಕು ಅಂತ ಅವ್ವ ಅಟ್ಟ ಖಾಲಿ ಮಾಡಿಸಿದಳು. ಹಳೇ ಮರದ ಪೆಟ್ಟಿಗೆಯಲ್ಲಿ ಹತ್ತಾರು ಹಿತ್ತಾಳೆ ಕಾಡತೂಸು, ಅದರ ಪಕ್ಕ ಒಂದು ಡಬ್ಬಿ. ಸಂಡೂರಿನ ಗೆಳೆಯರೊಬ್ಬರು ವಯಸ್ಸಾಗಿ ಬಂದೂಕು ಬಿಟ್ಟಾಗ ಅಪ್ಪನಿಗೆ ಕೊಟ್ಟದ್ದು. ಹೊಗೆ ಬರದ ಮದ್ದು. ಸುಟ್ಟ ಕಾಡತೂಸಿಗೆ ಅಪ್ಪ ಅದನ್ನೇ ಮತ್ತೆ ತುಂಬುತ್ತಿದ್ದ.

ನಮ್ಮೂರು ಇರೋದು ಕಂಪ್ಲಿಗೂ ದರೋಜಿಗೂ ನಡುವೆ. ಒಂದು ಕಡೆ ಕರಡಿಧಾಮ, ಇನ್ನೊಂದು ಕಡೆ ಕಬ್ಬು, ಭತ್ತ. ಶೇಂಗಾ ಕಾಯಿ ಕಟ್ಟಿತು ಅಂದ್ರೆ ರಾತ್ರಿ ಹಂದಿ ಬಂತು ಅಂತಲೇ ಲೆಕ್ಕ. ಚಿಕ್ಕಪ್ಪನ ಹತ್ತಿರ ಬೆಳೆ ಕಾಯೋಕೆ ಲೈಸೆನ್ಸಿನ ನಾಡಬಂದೂಕು ಇದೆ. ಡಬ್ಬಿ ನೋಡಿದ್ದೇ ತಡ, ಅವನ ಕಣ್ಣು ಅರಳಿತು.

"ಚಲೋ ಆತು. ನಂದು ಮದ್ದು ಮುಗದೈತಿ. ಹಂದಿ ಓಡಸಾಕ ಬರೀ ಸಪ್ಪಳ ಆದ್ರ ಸಾಕು."

"ಬ್ಯಾಡ್ರಿ ಚಿಕ್ಕಪ್ಪ."

"ಯಾಕಪಾ? ಅದೂ ಮದ್ದ, ಇದೂ ಮದ್ದ."

ಸಮಸ್ಯೆ ಇದ್ದದ್ದೇ ಇಲ್ಲಿ. ನಾಡಬಂದೂಕಿಗೆ ಹಾಕೋದು ಕರಿಮದ್ದು: ಪೆಟ್ಲುಪ್ಪು, ಗಂಧಕ, ಇದ್ದಿಲು. ಹಂಪಿಯಲ್ಲಿ ಅರಸರು ಆಳುತ್ತಿದ್ದಾಗ, 1520ರ ರಾಯಚೂರು ಯುದ್ಧದಲ್ಲಿ ಗುಡುಗಿದ್ದೂ ಇದೇ ಜಾತಿಯದ್ದು. ಅದಕ್ಕೆ ನೀರೇ ಶತ್ರು. ಒಣಗಿದ್ದರೆ ಎಷ್ಟು ವರ್ಷವಾದರೂ ಕೆಡೋದಿಲ್ಲ. ಹೊಗೆ ಬರದ ಮದ್ದಿನ ಕಥೆ ಬೇರೆ. ನಮ್ಮ ಎರೆ ಹೊಲದ ಹತ್ತಿಯಲ್ಲಿರುವ ಸೆಲ್ಯುಲೋಸನ್ನೇ ಆಮ್ಲದಲ್ಲಿ ಹದ ಮಾಡಿ ತಯಾರಿಸಿದ್ದು ಅದು. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಕಂಡುಹಿಡಿದದ್ದು. ಅದರ ಒತ್ತಡ ಎಷ್ಟು ಅಂದ್ರೆ, ನಾಡಬಂದೂಕಿಗೆ ಹಾಕಿದರೆ ನಳಿಗೆ ಒಡೆದು ಹಿಡಿದವನ ಕೈಯೇ ಹೋಗುತ್ತೆ. ಮದ್ದು ಹೊಸದಾಗಿದ್ದರೂ ಅಷ್ಟೇ.

ನಮ್ಮದು ಹೊಸದೂ ಆಗಿರಲಿಲ್ಲ. ಈ ಮದ್ದು ತನ್ನೊಳಗೇ ನಿಧಾನಕ್ಕೆ ಕರಗುತ್ತಾ ಆಮ್ಲದ ಆವಿ ಬಿಡುತ್ತೆ. ಆ ಆವಿಯನ್ನು ಹೀರಿಕೊಳ್ಳಲಿ ಅಂತ ಕಾರ್ಖಾನೆಯಲ್ಲೇ ಡೈಫಿನೈಲಮೀನ್‌ನಂಥ ರಾಸಾಯನಿಕ ಬೆರೆಸಿರ್ತಾರೆ. ಅದು ಮುಗಿದ ಮೇಲೆ ತಡೆಯೋರಿಲ್ಲ. ಒಳಗೇ ಬಿಸಿ ಹುಟ್ಟಿ ತಾನಾಗೇ ಹೊತ್ತಿಕೊಂಡರೂ ಹೊತ್ತಿಕೊಳ್ಳಬಹುದು. 1907ರಲ್ಲಿ ಟೂಲಾನ್ ಬಂದರಿನಲ್ಲಿ ಫ್ರಾನ್ಸಿನ 'ಇಯೇನಾ' ಯುದ್ಧನೌಕೆ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತಾಗ ಅನುಮಾನ ಬಿದ್ದದ್ದು ಕೆಟ್ಟ ಮದ್ದಿನ ಮೇಲೆಯೇ.

ಸೆಕೆ ಹೆಚ್ಚಿದಷ್ಟೂ ಕೆಡೋದು ಬೇಗ. ಅಪ್ಪ ಡಬ್ಬಿಯನ್ನು ಮಣ್ಣಿನ ಗೋಡೆಯ ತಂಪು ಕೋಣೆಯಲ್ಲಿಡುತ್ತಿದ್ದ. ಅದರದ್ದೇ ಡಬ್ಬಿ, ಮೇಲೆ ಮರದ ಪೆಟ್ಟಿಗೆ. ಗಟ್ಟಿ ಕಬ್ಬಿಣದ ತಿಜೋರಿಯಲ್ಲಿ ಇಡಲೇಬಾರದು. ಬೆಂಕಿ ಬಿದ್ದರೆ ತಿಜೋರಿಯೇ ಬಾಂಬು. ಮನೆ ರಿಪೇರಿ ಮಾಡಿಸುವಾಗ ಯಾರೋ ಅದನ್ನು ತಗಡಿನ ಶೀಟಿನ ಕೆಳಗಿನ ಅಟ್ಟಕ್ಕೆ ಏರಿಸಿದ್ದಾರೆ. ಹಣ ಕಳಿಸಿ ರಿಪೇರಿ ಮಾಡಿಸಿದವನು ನಾನೇ. ಹೊಸಪೇಟೆ ಕಡೆಯ ಏಪ್ರಿಲ್ ಬಿಸಿಲು ಗೊತ್ತಿರೋರಿಗೆ ಆ ಅಟ್ಟ ಹೇಗಿರುತ್ತೆ ಅಂತ ಹೇಳಬೇಕಿಲ್ಲ.

ಡಬ್ಬಿ ಮುಟ್ಟಿ ನೋಡಿದೆ, ಮೈ ಬಿಸಿ ಇರಲಿಲ್ಲ. ಅಂಗಳದ ಬೇವಿನ ನೆರಳಿಗೆ ತಂದು, ಎಲ್ಲರನ್ನೂ ದೂರ ನಿಲ್ಲಿಸಿ ಮುಚ್ಚಳ ತೆಗೆದೆ. ಮೂಗು ಒಳಗೆ ಹಾಕದೆ ಕೈಯಿಂದ ಗಾಳಿ ಎಳೆದುಕೊಂಡೆ. ಚೆನ್ನಾಗಿರೋ ಮದ್ದಿಗೆ ಸ್ಪಿರಿಟ್, ಈಥರ್ ಥರದ ತೆಳು ವಾಸನೆ. ಇದು ಆಸಿಡ್ ಹಾಗೆ ಮೂಗಿಗೆ ಚುಚ್ಚಿತು. ಮುಚ್ಚಳದ ಒಳಗೆ ತುಕ್ಕು, ಕಾಳಿನ ಮೇಲೆ ಇಟ್ಟಿಗೆ ಬಣ್ಣದ ಧೂಳು. ಮೂರರಲ್ಲಿ ಒಂದು ಕಂಡರೂ ಸಾಕು, ಅದನ್ನು ಬಳಸಿ ಪರೀಕ್ಷೆ ಮಾಡೋ ಮಾತೇ ಇಲ್ಲ.

ಪೆಟ್ಟಿಗೆಯ ತಳದಲ್ಲಿ ಅಪ್ಪನ ಚೀಟಿ ಸಿಕ್ಕಿತು. ಪ್ರತಿ ದೀಪಾವಳಿಗೂ ಒಂದೊಂದು ಸಾಲು: ವರ್ಷ, ಅದರ ಮುಂದೆ "ವಾಸನೆ ಸರಿ". ಕೊನೆಯ ಸಾಲು 2020. ಆಮೇಲೆ ಖಾಲಿ.

ನಮ್ಮ ಆಫೀಸಿನಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳ್ತಿರ್ತೀನಿ, ಲಾಗ್‌ನಲ್ಲಿ ಎರರ್ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತಲ್ಲ, ಲಾಗ್ ಬರೆಯೋದೇ ನಿಂತಿರಬಹುದು ಅಂತ. ಯಾಕೆ ನಿಂತಿತು ಅಂತ ಅವ್ವನ್ನ ಕೇಳಿದೆ.

"2021ರಾಗ ಆ ಕರೋನಾ ಬಂತಲ್ಲ, ಆಮ್ಯಾಲೆ ಅವಗ ವಾಸನಿನೇ ಹತ್ತಲಿಲ್ಲ. ಒಗ್ಗರಣಿ ಸೀದ್ರೂ ಗೊತ್ತಾಗ್ತಿರಲಿಲ್ಲ. ನಿನಗ ಹೇಳಬ್ಯಾಡ ಅಂದಿದ್ದ."

ಗೊತ್ತಾಗದ್ದನ್ನು "ಸರಿ" ಅಂತ ಬರೆಯೋ ಜಾತಿಯವನಲ್ಲ ಅಪ್ಪ. ಅದಕ್ಕೇ ಖಾಲಿ ಬಿಟ್ಟಿದ್ದಾನೆ.

ಠಾಣೆಗೆ ಫೋನ್ ಮಾಡಿದೆ. "ಡಬ್ಬಿ ಹೊತ್ಕೊಂಡು ಬರಬೇಡಿ, ನಾವೇ ಬರ್ತೀವಿ" ಅಂದ್ರು. ಬರೋವರೆಗೂ ಮಧ್ಯಾಹ್ನವೆಲ್ಲ ನೆರಳು ಸರಿದ ಹಾಗೆ ಡಬ್ಬಿ ಸರಿಸುತ್ತಾ ಕಾದೆ. ಚಿಕ್ಕಪ್ಪ ಸಿಟ್ಟಿನಿಂದ ಮಾತು ಬಿಟ್ಟಿದ್ದ. ಸಂಜೆ ಚಾ ಕುಡೀತಾ ತನ್ನ ಬಲಗೈ ನೋಡಿಕೊಂಡು, "ಒಡೀತಿತ್ತೇನಪಾ ಖರೇನ?" ಅಂದ. ಹೂಂ ಅಂದೆ.

ವಾರಕ್ಕೆ ಎರಡು ಸಲ ಅಪ್ಪನಿಗೆ ಫೋನ್ ಮಾಡ್ತಿದ್ದೆ. ಹೆಂಗದೀಯಪ್ಪ ಅಂದ್ರೆ "ಆರಾಮ ಅದೀನಿ" ಅಂತಿದ್ದ. ನಾನೂ ಅಷ್ಟಕ್ಕೇ ಇಡ್ತಿದ್ದೆ.