ಸೂರು ಹೋದ ಮಠಗಳು

ವೇಲ್ಸ್‌ನ ವೈ ನದಿ ದಂಡೆಯಲ್ಲಿರುವ ಟಿಂಟರ್ನ್ ಅಬಿ ಎಂಬ ಹಳೆಯ ಮಠದೊಳಗೆ ಕಾಲಿಟ್ಟ ಪ್ರವಾಸಿಗರು ಮೊದಲು ಕತ್ತೆತ್ತುತ್ತಾರೆ. ಮೇಲೆ ಚಾವಣಿಯಿಲ್ಲ, ಆಕಾಶ. ಕೆಳಗೆ ಹಾಸುಗಲ್ಲಿಲ್ಲ, ಒಪ್ಪವಾಗಿ ಕತ್ತರಿಸಿದ ಹುಲ್ಲು. ಪಶ್ಚಿಮದ ದೊಡ್ಡ ಕಿಟಕಿಯಲ್ಲಿ ಗಾಜೆಲ್ಲ ಹೋಗಿ ಕಲ್ಲಿನ ಕುಸುರಿಯಷ್ಟೇ ನಿಂತಿದೆ. ಎಲ್ಲವೂ ಕಾಲನ ಆಟ ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾರು. ಪಾಪ, ಕಾಲನ ಪಾಲು ಇಲ್ಲಿ ಅಷ್ಟಿಲ್ಲ.

ಮೊದಲ ಏಟು ದೊರೆ ಎಂಟನೆಯ ಹೆನ್ರಿಯದು. ಪೋಪರೊಡನೆ ಕೆಡಿಸಿಕೊಂಡು 1534ರಲ್ಲಿ ಇಂಗ್ಲೆಂಡಿನ ಚರ್ಚಿಗೆ ತಾನೇ ಯಜಮಾನನಾದ ಆತ, 1536ರಿಂದ 1540ರೊಳಗೆ ಸುಮಾರು 800 ಮಠಗಳಿಗೆ ಬೀಗ ಹಾಕಿಸಿದ. ಅಧಿಕಾರಿಗಳ ಕಣ್ಣು ಬಿದ್ದದ್ದು ಚಾವಣಿಗೆ ಹೊದಿಸಿದ್ದ ಸೀಸದ ತಗಡಿನ ಮೇಲೆ. ಕಿತ್ತು, ಕರಗಿಸಿ, ಗಟ್ಟಿ ಹೊಯ್ದು ಸಾಗಿಸಿದರು. ಮಿಕ್ಕ ಕೆಲಸ ಮಳೆಯದು.

ಯಾರ್ಕ್‌ಷೈರ್‌ನ ರೀವೋ ಮಠದಲ್ಲಿ ಅಂಥ ಕೆಲವು ಗಟ್ಟಿಗಳು ಸಾಗಣೆಯಾಗುವ ಮೊದಲೇ ಕುಸಿದ ಗೋಡೆಯಡಿ ಹೂತುಹೋದವು. 20ನೆಯ ಶತಮಾನದಲ್ಲಿ ಅವು ರಾಜಮುದ್ರೆ ಸಮೇತ ಹೊರಬಂದಾಗ, ಕೆಲವನ್ನು ಯಾರ್ಕ್ ಮಿನ್‌ಸ್ಟರ್‌ ಚರ್ಚಿನ ಕಿಟಕಿಯ ದುರಸ್ತಿಗೆ ಬಳಸಿಕೊಂಡರು. ಚರ್ಚಿನ ಸೀಸ ಕೊನೆಗೂ ಚರ್ಚನ್ನೇ ಸೇರಿತು.

ಅಲ್ಲಿಂದ ಬಹು ದೂರವಿಲ್ಲದ ಫೌಂಟನ್ಸ್ ಅಬಿಯದು ಇನ್ನೊಂದು ಕಥೆ. 1132ರಲ್ಲಿ 13 ಸನ್ಯಾಸಿಗಳು ಬಡತನ ಬಯಸಿ ಕಟ್ಟಿಕೊಂಡ ಮಠ, ಕುರಿಯ ಉಣ್ಣೆ ಮಾರಿ ಸಿರಿವಂತವಾಯಿತು. ಸುಮಾರು 90 ಮೀಟರ್ ಉದ್ದದ ಅದರ ಉಗ್ರಾಣಕ್ಕೆ ಇನ್ನೂ ಸೂರಿದೆ. ಗಿಡ್ಡ ಕಂಬಗಳಿಂದ ಕಮಾನುಗಳು ಬೋದಿಗೆಯ ಹಂಗಿಲ್ಲದೆ ನೇರವಾಗಿ ಮೇಲೆದ್ದು ಹರಡುತ್ತವೆ. ಮಠದ ಬೇರೆ ಕಲ್ಲುಗಳನ್ನು ಹುಡುಕಬೇಕಾದರೆ ಪಕ್ಕದ ಫೌಂಟನ್ಸ್ ಹಾಲ್ ನೋಡಬೇಕು. ಆ ಬಂಗಲೆ ಭಾಗಶಃ ಎದ್ದದ್ದೇ ಅವುಗಳಿಂದ.

ಎರಡು ಶತಮಾನ ಕಳೆಯುವುದರಲ್ಲಿ ಹಾಳಿಗೂ ಬೆಲೆ ಬಂತು! ನೆರೆಯ ಜಮೀನುದಾರ ವಿಲಿಯಂ ಐಸ್ಲಬಿ 1767ರಲ್ಲಿ ಫೌಂಟನ್ಸ್ ಅವಶೇಷವನ್ನೇ ಕೊಂಡು ತನ್ನ ಉದ್ಯಾನಕ್ಕೆ ಸೇರಿಸಿಕೊಂಡ. ಟಿಂಟರ್ನ್‌ಗೆ ದೋಣಿಯಲ್ಲಿ ಬಂದ ಪಾದ್ರಿ ವಿಲಿಯಂ ಗಿಲ್ಪಿನ್‌ಗೆ ಮಾತ್ರ ಅಲ್ಲಿನ ಮುರುಕು ಸಾಲದೆನಿಸಿತು. ಮೇಲಿನ ತ್ರಿಕೋನ ಗೋಡೆಗಳು ತೀರಾ ಅಚ್ಚುಕಟ್ಟಾಗಿವೆ, ಸುತ್ತಿಗೆಯಿಂದ ಹದವಾಗಿ ನಾಲ್ಕೇಟು ಹಾಕಿದರೆ ನೋಟ ಸುಧಾರಿಸೀತು ಎಂದು 1782ರ ತನ್ನ ಪುಸ್ತಕದಲ್ಲಿ ಬರೆದ. ಅವನಿಗೆ ಮೆಚ್ಚುಗೆಯಾದದ್ದು ಗೋಡೆ ತಬ್ಬಿದ್ದ ಐವಿ ಬಳ್ಳಿ.

1901ರಲ್ಲಿ ಟಿಂಟರ್ನ್ ಸರ್ಕಾರದ ಕೈಗೆ ಬಂತು. ಕಲ್ಲಿನ ಸಂದುಗಳಿಗೆ ಬೇರಿಳಿಸಿದ್ದ ಬಳ್ಳಿಯನ್ನು ಎಂಜಿನಿಯರುಗಳು ಕಿತ್ತೊಗೆದು ಗೋಡೆಗಳನ್ನು ಭದ್ರಪಡಿಸಿದರು. ಗಿಲ್ಪಿನ್ ಕಣ್ಣಿಗೆ ಚುಚ್ಚಿದ್ದ ಆ ತ್ರಿಕೋನ ಗೋಡೆಗಳು ಯಾವ ಸುತ್ತಿಗೆಗೂ ಸಿಗದೆ, ಇಂದು ಪ್ರವಾಸಿಗರ ಪ್ರತಿ ಫೋಟೋದಲ್ಲೂ ತಲೆಯೆತ್ತಿ ನಿಂತಿವೆ.