ಮರೆತು ಬಂದ ಬಂಗಾರದ ಬಟ್ಟಲು



ಬೆಂಗಳೂರಿನ ಕಲಾವಿದೆ ಸುರೇಖಾ ಅವರು ನಮ್ಮ ಜನಪದದ 'ಕೆರೆಗೆ ಹಾರ' ಕಥನಗೀತೆಯನ್ನು ಆಧರಿಸಿ 'ಭಾಗೀರಥಿ' ಎಂಬ ವೀಡಿಯೊ ಕಲಾಕೃತಿಯನ್ನು ರಚಿಸಿದ್ದಾರೆ. ಅದರ ವಿಷಯ ತಿಳಿದಂದಿನಿಂದ, ಬಾಲ್ಯದಲ್ಲಿ ನಾವು ರಾಗವಾಗಿ ಹಾಡುತ್ತಿದ್ದ ಆ ಗೀತೆ ನನಗೆ ಬೇರೆಯಾಗಿಯೇ ಕೇಳಿಸತೊಡಗಿದೆ.

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬಾರದು. ಸೊಸೆಯೊಬ್ಬಳನ್ನು ಬಲಿಕೊಡಬೇಕೆಂದು ಜೋಯಿಸರು ನುಡಿಯುತ್ತಾರೆ; ಕಿರಿಸೊಸೆ ಭಾಗೀರಥಿಯ ಪಾಳಿ ಬರುತ್ತದೆ. ತವರಿಗೆ ಹೋದರೂ ಹೆತ್ತವರಿಗೆ ನಿಜ ಹೇಳಲಾರಳು. ಅತ್ತೆಮಾವ ಬೇರೆ ಇಡುವರಂತೆ ಎಂದಷ್ಟೇ ಹೇಳುತ್ತಾಳೆ. ನಿಜ ಕೇಳಿದವಳು ಗೆಳತಿಯೊಬ್ಬಳೇ. ಅವಳೂ, ಅವರು ಇಟ್ಟಂತೆ ಇರಬೇಕೆಂದು ಸಂತೈಸಿ ಕಳುಹಿಸುತ್ತಾಳೆ. ಗಂಗೆಯ ಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಬಂಗಾರದ ಬಟ್ಟಲೊಂದು ಕೆರೆಯಲ್ಲಿಯೇ ಉಳಿದಿರುತ್ತದೆ. ತರಲು ಹೋದವಳು ಭಾಗೀರಥಿ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯನೂ ಕೊನೆಗೆ ಅದೇ ಕೆರೆಗೆ ಹಾರುತ್ತಾನೆ.

ಸಾಯೆಂದು ಆಕೆಗೆ ಯಾರೂ ಹೇಳಲಿಲ್ಲ. ಬಟ್ಟಲನ್ನು ಮರೆತು ಬಂದರು, ಅಷ್ಟೇ.

ನಾನಿರುವ ಯಲಹಂಕವು ಕೆಂಪೇಗೌಡರ ಮನೆತನದ ನಾಡು. ಕೋಟೆಯ ಬಾಗಿಲು ನಿಲ್ಲಲೆಂದು ಆ ಮನೆಯ ಸೊಸೆ, ತುಂಬು ಗರ್ಭಿಣಿ ಲಕ್ಷ್ಮಮ್ಮ, ತನ್ನನ್ನೇ ಬಲಿಯಿತ್ತಳೆಂಬ ಐತಿಹ್ಯವಿದೆ. ಕೋರಮಂಗಲದಲ್ಲಿ ಆಕೆಯ ಸಮಾಧಿಯಿದೆ. ಎಲ್ಲಿಯೂ ಸೊಸೆಯೇ.

ಹೋದ ಶ್ರಾವಣದಲ್ಲಿ ನನ್ನ ಅಕ್ಕನ ಮಗಳಿಗೊಂದು ಸಂಬಂಧ ಬಂದಿತು. "ಎಲ್ಲಾ ನಿನ್ನ ಇಷ್ಟವಮ್ಮ, ಅಪ್ಪನಿಗೆ ಮಾತ್ರ ಬಿ.ಪಿ. ಏರಿದೆ" ಎಂದಳಂತೆ ಅಕ್ಕ. ಹುಡುಗಿ ನನ್ನಲ್ಲಿಗೆ ಬಂದು, "ಚಿಕ್ಕಮ್ಮಾ, ನನಗೆ ಮನಸ್ಸಿಲ್ಲ" ಎಂದಳು. ನಿತ್ಯವೂ ವಚನ ಓದುವ ನಾನು ಕೊಟ್ಟ ಉತ್ತರವೇನು ಬಲ್ಲಿರಾ? "ಹೊಂದಿಕೊಂಡು ಹೋದರೆ ಎಲ್ಲಾ ಸರಿಹೋಗುತ್ತದೆ." ಆ ರಾತ್ರಿ ನಿದ್ರೆ ಹತ್ತಲಿಲ್ಲ. ಅದು ಭಾಗೀರಥಿಯ ಗೆಳತಿಯ ಮಾತಾಗಿತ್ತು.

ಹರಿಹರನ ರಗಳೆಯಲ್ಲಿ ಅಕ್ಕಮಹಾದೇವಿಯೂ ಹೆತ್ತವರಿಗೊದಗಿದ ಭಯಕ್ಕಾಗಿಯೇ ಕೌಶಿಕನನ್ನು ಒಪ್ಪುತ್ತಾಳೆ. (ಮದುವೆ ನಡೆಯಲೇ ಇಲ್ಲವೆಂಬುದು ಚಾಮರಸನ ಕಥನ.) ಆದರೆ ಆಕೆ ತನ್ನ ನಿಬಂಧನೆಗಳನ್ನು ಬಾಯಿಬಿಟ್ಟು ಹೇಳಿಯೇ ಒಪ್ಪುತ್ತಾಳೆ, ಅವು ಮುರಿದಾಗ ಹೊರಟುಹೋಗುತ್ತಾಳೆ.

ಮರುದಿನ ಬೆಳಿಗ್ಗೆ ಆರ್.ಟಿ. ನಗರದ ಅಕ್ಕನ ಮನೆಗೆ ಹೋದೆನು. ಹುಡುಗಿಯ ಮಾತನ್ನು ಭಾವನವರ ಮುಂದೆ ಅವಳ ಬಾಯಿಂದಲೇ ಹೇಳಿಸಿದೆನು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕಡೆಗೆ ಅಕ್ಕ ಎದ್ದು, ಹುಡುಗನ ಮನೆಯವರ ಫೋನ್ ನಂಬರನ್ನು ಹುಡುಕತೊಡಗಿದಳು.